ಶಿಕ್ಷೆಯಾದವರ ಹೆಸರು ಎಲ್ಲಿರುತ್ತದೆ, ಯಾರಿಗೆ ಸಿಗುತ್ತದೆ

ಮಗುವನ್ನು ಶಾಲೆಗೆ ಕರೆದೊಯ್ಯುವ ವ್ಯಾನಿಗೆ ಹೊಸ ಚಾಲಕ ಬಂದಿದ್ದಾನೆ. ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳಲು ಏಜೆನ್ಸಿಯವರು ಯಾರನ್ನೋ ಕಳಿಸಿದ್ದಾರೆ. ಅಪಾರ್ಟ್‌ಮೆಂಟಿನ ಕಾವಲಿಗೆ ಬೇರೆ ರಾಜ್ಯದಿಂದ ಬಂದವರೊಬ್ಬರು ನಿಂತಿದ್ದಾರೆ. ಇವರಲ್ಲಿ ಯಾರಿಗಾದರೂ ಹಿಂದೆ ನ್ಯಾಯಾಲಯದಲ್ಲಿ ಶಿಕ್ಷೆಯಾಗಿತ್ತೇ ಎಂದು ತಿಳಿಯಬೇಕೆಂದುಕೊಂಡರೆ ಎಲ್ಲಿ ನೋಡಬೇಕು? ಹೀಗೆ ನೋಡುವ ಹಕ್ಕು ನಮಗಿದೆಯೇ? ಮಕ್ಕಳ ಮೇಲಿನ ದೌರ್ಜನ್ಯದ ಸುದ್ದಿ ಬಂದಾಗಲೆಲ್ಲ ‘ಅಪರಾಧಿಗಳ ಫೋಟೊ, ವಿಳಾಸ ಎಲ್ಲರಿಗೂ ಕಾಣುವಂತೆ ಹಾಕಿ’ ಎಂಬ ಒತ್ತಾಯ ಏಳುತ್ತದೆ. ಆ ಒತ್ತಾಯದ ಹಿಂದಿನ ಭಯ ನಿಜವಾದದ್ದು. ಅದಕ್ಕೆ ಉತ್ತರ ಕೊಡಬೇಕಾದರೆ, ಶಿಕ್ಷೆಯಾದವರ ಮಾಹಿತಿ ಈಗ ಎಲ್ಲೆಲ್ಲಿ ಇರುತ್ತದೆ, ಅದರಲ್ಲಿ ಯಾವುದು ಸಾರ್ವಜನಿಕರಿಗೆ ತೆರೆದಿದೆ, ಯಾವುದು ಪೊಲೀಸರ ಕಣ್ಣಿಗೆ ಮಾತ್ರ ಎಂಬುದನ್ನು ಮೊದಲು ತಿಳಿಯಬೇಕು.

ನ್ಯಾಯಾಲಯದಿಂದಲೇ ಶುರು ಮಾಡೋಣ. ನಮ್ಮಲ್ಲಿ ಕ್ರಿಮಿನಲ್ ವಿಚಾರಣೆ ತೆರೆದ ನ್ಯಾಯಾಲಯದಲ್ಲಿ ನಡೆಯಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 366ನೇ ಕಲಂ ಇದನ್ನು ಹೇಳುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದೇ ಮಾತು 327ನೇ ಕಲಮಿನಲ್ಲಿತ್ತು. ಅತ್ಯಾಚಾರದಂಥ ಪ್ರಕರಣಗಳು ಮಾತ್ರ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತವೆ. ಹಾಗಾಗಿ ಒಬ್ಬನಿಗೆ ಶಿಕ್ಷೆಯಾಯಿತು ಎಂಬ ಸಂಗತಿ ಮೂಲತಃ ಗುಟ್ಟಿನದಲ್ಲ. 1994ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಹಳ ಸ್ಪಷ್ಟವಾಗಿ ಹೇಳಿತು. ತಮಿಳುನಾಡಿನಲ್ಲಿ ಕೊಲೆಗಳಿಗಾಗಿ ಮರಣದಂಡನೆಗೆ ಗುರಿಯಾಗಿದ್ದ ಆಟೊ ಶಂಕರ್ ಜೈಲಿನಲ್ಲಿ ಬರೆದ ಆತ್ಮಕಥೆಯನ್ನು ‘ನಕ್ಕೀರನ್’ ಪತ್ರಿಕೆ ಪ್ರಕಟಿಸಲು ಹೊರಟಿತ್ತು, ಅಧಿಕಾರಿಗಳು ತಡೆಯಲು ನೋಡಿದ್ದರು. ನ್ಯಾಯಾಲಯದ ದಾಖಲೆಯೂ ಸೇರಿದಂತೆ ಸಾರ್ವಜನಿಕ ದಾಖಲೆಯಲ್ಲಿರುವುದನ್ನು ಪ್ರಕಟಿಸಲು ಆ ವ್ಯಕ್ತಿಯ ಒಪ್ಪಿಗೆ ಬೇಕಿಲ್ಲ, ಅಷ್ಟರ ಮಟ್ಟಿಗೆ ಖಾಸಗಿತನದ ಹಕ್ಕು ಅಡ್ಡಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತಿಗೆ ಮಾತ್ರ ವಿನಾಯಿತಿ ಇಟ್ಟಿತು.

ಈ ತೆರೆದ ನ್ಯಾಯಾಲಯದ ತತ್ವದ ಮುಂದುವರಿಕೆಯೇ ಈಗಿನ ಇ-ಕೋರ್ಟ್ಸ್ ಜಾಲತಾಣ. ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಆರಿಸಿಕೊಂಡು, ಕಕ್ಷಿದಾರರ ಹೆಸರು ಮತ್ತು ವರ್ಷ ಕೊಟ್ಟು ಹುಡುಕಿದರೆ ಪ್ರಕರಣಗಳ ಪಟ್ಟಿ ಬರುತ್ತದೆ. ಪ್ರತಿ ಪ್ರಕರಣಕ್ಕೂ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದು ಕೈಯಲ್ಲಿದ್ದರೆ ದೇಶದ ಯಾವ ಮೂಲೆಯಿಂದಲೂ ಪ್ರಕರಣದ ಸ್ಥಿತಿ ನೋಡಬಹುದು, ತೀರ್ಪು ಏರಿಸಿದ್ದರೆ ಓದಲೂಬಹುದು. ಏರಿಸದಿದ್ದರೆ ದೃಢೀಕೃತ ನಕಲಿಗೆ ಅರ್ಜಿ ಹಾಕಬೇಕು. ಪ್ರಕರಣಕ್ಕೆ ಸಂಬಂಧಪಡದವರಿಗೂ ಹೈಕೋರ್ಟಿನ ನಿಯಮಗಳಿಗೆ ಒಳಪಟ್ಟು ನಕಲು ಸಿಗುತ್ತದೆ.

ಓದಿದರೆ ಸುಲಭವೆನಿಸುತ್ತದೆ. ಕೆಲಸಕ್ಕೆ ಕೂತರೆ ಹೆಸರೇ ದೊಡ್ಡ ತೊಡಕು. ಮೈಸೂರು ಜಿಲ್ಲೆಯ ನ್ಯಾಯಾಲಯಗಳಲ್ಲಿ ‘ಮಂಜುನಾಥ’ ಎಂದು ಹುಡುಕಿ ನೋಡಿ. ಎಷ್ಟೊಂದು ಮಂಜುನಾಥರು! ಒಬ್ಬರದು ಚೆಕ್ ಬೌನ್ಸ್ ಪ್ರಕರಣ, ಇನ್ನೊಬ್ಬರದು ಜಮೀನಿನ ತಕರಾರು, ಮತ್ತೊಬ್ಬರದು ಹೊಡೆದಾಟ. ಇಂಗ್ಲಿಷ್ ಲಿಪಿಯಲ್ಲಿ ಒಂದು ಅಕ್ಷರ ಬೇರೆಯಾದರೂ ಪಟ್ಟಿ ಬದಲಾಗುತ್ತದೆ. ಫೋಟೊ ಇರುವುದಿಲ್ಲ, ಹುಟ್ಟಿದ ದಿನಾಂಕ ಇರುವುದಿಲ್ಲ. ಅಪ್ಪನ ಹೆಸರು, ಊರು ಒಮ್ಮೊಮ್ಮೆ ಇರುತ್ತವೆ, ಒಮ್ಮೊಮ್ಮೆ ಇಲ್ಲ. ನಿಮ್ಮ ವ್ಯಾನಿನ ಚಾಲಕನೂ ಆ ಪಟ್ಟಿಯಲ್ಲಿರುವ ಮಂಜುನಾಥನೂ ಒಬ್ಬನೇ ಎಂದು ಹೇಳುವ ಆಧಾರ ಆ ಪುಟದಲ್ಲಿ ಸಿಗುವುದಿಲ್ಲ. ಹೆಸರು ಹೊಂದಿತು ಎಂಬ ಒಂದೇ ಕಾರಣಕ್ಕೆ ಯಾರದೋ ಕೆಲಸ ಕಿತ್ತುಕೊಂಡರೆ ಅದು ಅನ್ಯಾಯ. ಹೆಸರು ಸಿಗಲಿಲ್ಲ ಎಂದು ನಿಶ್ಚಿಂತರಾದರೂ ತಪ್ಪೇ: ಬೇರೆ ಜಿಲ್ಲೆ, ಬೇರೆ ರಾಜ್ಯದ ಪ್ರಕರಣ ನಿಮ್ಮ ಹುಡುಕಾಟದಲ್ಲಿ ಬಂದಿರುವುದಿಲ್ಲ.

ಇನ್ನು ಪೊಲೀಸರ ಕಡೆಗೆ ಬರೋಣ. ದೇಶದ ಬಹುತೇಕ ಎಲ್ಲ ಠಾಣೆಗಳನ್ನು ಸಿಸಿಟಿಎನ್‌ಎಸ್ ಎಂಬ ಜಾಲ ಜೋಡಿಸಿದೆ. ಎಫ್‌ಐಆರ್, ಬಂಧನ, ದೋಷಾರೋಪ ಪಟ್ಟಿ ಎಲ್ಲ ಅದರೊಳಗೆ ಸೇರುತ್ತವೆ. ಬೆರಳಚ್ಚುಗಳಿಗೆ ನಾಫಿಸ್ ಎಂಬ ಪ್ರತ್ಯೇಕ ವ್ಯವಸ್ಥೆ ಇದೆ. 1920ರ ಕೈದಿಗಳ ಗುರುತು ಕಾಯ್ದೆಯ ಜಾಗಕ್ಕೆ ಬಂದ 2022ರ ಕ್ರಿಮಿನಲ್ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಬೆರಳಚ್ಚು, ಅಂಗೈ-ಅಂಗಾಲಿನ ಅಚ್ಚು, ಫೋಟೊ, ಕಣ್ಣಿನ ಪಾಪೆಯ ಸ್ಕ್ಯಾನ್ ಮುಂತಾದವನ್ನು ಪಡೆದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದಲ್ಲಿ 75 ವರ್ಷ ಇಡಲು ಅವಕಾಶ ಕೊಡುತ್ತದೆ. ಹಿಂದೆ ಶಿಕ್ಷೆಯಾಗದೆ ಇದ್ದವರು ಖುಲಾಸೆಯಾಗಿ, ಮೇಲ್ಮನವಿಗಳೆಲ್ಲ ಮುಗಿದ ಮೇಲೆ ಆ ದಾಖಲೆ ನಾಶವಾಗಬೇಕು. ಮ್ಯಾಜಿಸ್ಟ್ರೇಟ್ ಕಾರಣ ಬರೆದು ಬೇರೆ ಆದೇಶ ಮಾಡಿದರೆ ಮಾತ್ರ ಉಳಿಯುತ್ತದೆ. ಶಿಕ್ಷೆಯಾದವನ ಗುರುತು ಪೊಲೀಸರಿಗೆ ಅವನ ಜೀವಮಾನವಿಡೀ ಲಭ್ಯ ಎಂದಾಯಿತು.

ಲೈಂಗಿಕ ಅಪರಾಧಗಳಿಗೆ ಇನ್ನೂ ಒಂದು ಕೋಶವಿದೆ. 2018ರ ಸೆಪ್ಟೆಂಬರ್ 20ರಂದು ಕೇಂದ್ರ ಗೃಹ ಸಚಿವಾಲಯ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಕೋಶವನ್ನು ಆರಂಭಿಸಿತು. ಆರಂಭದ ದಿನವೇ ಅದರಲ್ಲಿ 4.4 ಲಕ್ಷ ನಮೂದುಗಳಿದ್ದವು. ಅತ್ಯಾಚಾರ, ಸಾಮೂಹಿಕ ಅತ್ಯಾಚಾರ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ), ಹೆಣ್ಣುಮಕ್ಕಳನ್ನು ಚುಡಾಯಿಸಿದ ಪ್ರಕರಣಗಳಲ್ಲಿ 2005ರಿಂದೀಚೆಗೆ ಶಿಕ್ಷೆಯಾದವರ ಹೆಸರು, ವಿಳಾಸ, ಫೋಟೊ, ಬೆರಳಚ್ಚು ಅಲ್ಲಿವೆ. ಆದರೆ ಅದನ್ನು ತೆರೆಯುವ ಅಧಿಕಾರ ತನಿಖಾ ಸಂಸ್ಥೆಗಳಿಗೆ ಮಾತ್ರ. ‘ಹೀಗೊಂದು ಪಟ್ಟಿ ಮಾಡಿಟ್ಟುಕೊಂಡು ನಮಗೇಕೆ ತೋರಿಸುವುದಿಲ್ಲ?’ ಎಂದು ತಾಯಂದಿರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಆ ಪಟ್ಟಿಯನ್ನು ತೋರಿಸಿದರೆ ಏನಾಗುತ್ತದೆ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾರ್ಷಿಕ ವರದಿಗಳಲ್ಲಿ ವರ್ಷದಿಂದ ವರ್ಷಕ್ಕೆ ಬದಲಾಗದ ಒಂದು ಅಂಶವಿದೆ. ಅತ್ಯಾಚಾರ ಪ್ರಕರಣಗಳಲ್ಲಿ ಶೇಕಡ 90ಕ್ಕೂ ಹೆಚ್ಚು ಆರೋಪಿಗಳು ದೌರ್ಜನ್ಯಕ್ಕೆ ಒಳಗಾದವರಿಗೆ ಮೊದಲೇ ಪರಿಚಿತರು. ಮನೆಯವರು, ನೆಂಟರು, ಪಕ್ಕದ ಮನೆಯವರು, ಕೆಲಸ ಕೊಟ್ಟವರು, ಮದುವೆಯಾಗುತ್ತೇನೆಂದವರು. ಈಗ ಯೋಚಿಸಿ. ಒಂದು ಹಳ್ಳಿಯಲ್ಲಿ ತಂದೆಯೊಬ್ಬನಿಗೆ ಪೋಕ್ಸೊ ಕಾಯ್ದೆಯಡಿ ಶಿಕ್ಷೆಯಾಗುತ್ತದೆ. ಅವನ ಹೆಸರು, ಫೋಟೊ, ವಿಳಾಸ, ಕಲಂ ಎಲ್ಲವನ್ನೂ ಸಾರ್ವಜನಿಕವಾಗಿ ಹಾಕಿದರೆ ಆ ಮಗು ಯಾರೆಂದು ಕಂಡುಹಿಡಿಯಲು ಊರಿನವರಿಗೆ ಅರ್ಧ ಗಳಿಗೆಯೂ ಬೇಡ. ಇದಕ್ಕಾಗಿಯೇ ಪೋಕ್ಸೊ ಕಾಯ್ದೆಯ 23ನೇ ಕಲಂ ಮಗುವಿನ ಹೆಸರನ್ನಷ್ಟೇ ಅಲ್ಲ, ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಗುರುತು ಬಿಟ್ಟುಕೊಡುವ ಯಾವ ವಿವರವನ್ನೂ ಮಾಧ್ಯಮಗಳು ಪ್ರಕಟಿಸಬಾರದು ಎನ್ನುತ್ತದೆ. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಅತ್ಯಾಚಾರಕ್ಕೆ ಒಳಗಾದವರ ಗುರುತು ಬಹಿರಂಗಪಡಿಸುವುದನ್ನೇ ಅಪರಾಧವೆಂದು ಎಣಿಸಿದೆ. 2018ರ ಡಿಸೆಂಬರಿನ ನಿಪುಣ್ ಸಕ್ಸೇನಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿ ಮಾಡಿತು. ಹೆಸರಿಲ್ಲದಿದ್ದರೂ ಗುರುತು ಹಿಡಿಯುವಂಥ ಯಾವ ಸುಳಿವೂ ಹೊರಬೀಳಬಾರದು ಎಂದಿತು. ಬಹಿರಂಗ ಪಟ್ಟಿಯನ್ನು ನಾನು ಒಪ್ಪದಿರುವುದಕ್ಕೆ ಮೊದಲ ಕಾರಣ ಇದೇ. ಅಪರಾಧಿಯ ಮಾನ ಕಾಯುವ ಚಿಂತೆ ಆಮೇಲಿನದು. ಅವನ ಹೆಸರಿನ ಜೊತೆಗೇ ಮಗುವಿನ ಹೆಸರೂ ಬೀದಿಗೆ ಬರುತ್ತದೆ. ಇನ್ನೂ ಅರವತ್ತು ವರ್ಷ ಬದುಕಿ ಬಾಳಬೇಕಾದ ಮಗುವಿನ ಹೆಸರು. ಇದು ಗೊತ್ತಾದರೆ ಎಷ್ಟೋ ತಾಯಂದಿರು ದೂರು ಕೊಡಲೇ ಹಿಂಜರಿಯುತ್ತಾರೆ.

ಅಮೆರಿಕ ಈ ದಾರಿಯಲ್ಲಿ ಮೂರು ದಶಕ ನಡೆದಿದೆ. 1994ರ ಜುಲೈನಲ್ಲಿ ನ್ಯೂಜೆರ್ಸಿಯ ಏಳು ವರ್ಷದ ಮೇಗನ್ ಎಂಬ ಹುಡುಗಿಯನ್ನು ಎದುರು ಮನೆಯಲ್ಲಿದ್ದ, ಹಿಂದೆ ಮಕ್ಕಳ ಮೇಲಿನ ಅಪರಾಧಕ್ಕೆ ಶಿಕ್ಷೆಯಾಗಿದ್ದ ವ್ಯಕ್ತಿ ಕೊಂದ. ಎದುರು ಮನೆಯಲ್ಲಿರುವವನು ಎಂಥವನೆಂದು ಗೊತ್ತಿದ್ದಿದ್ದರೆ ಮಗಳು ಬದುಕಿರುತ್ತಿದ್ದಳು ಎಂದು ತಂದೆ-ತಾಯಿ ಹೋರಾಟಕ್ಕಿಳಿದರು. ಕೆಲವೇ ತಿಂಗಳಲ್ಲಿ ಆ ರಾಜ್ಯದಲ್ಲಿ ಕಾನೂನು ಬಂತು. 1996ರಲ್ಲಿ ಇಡೀ ದೇಶಕ್ಕೆ ‘ಮೇಗನ್ ಕಾನೂನು’ ಆಯಿತು. ಇಂದು ಅಲ್ಲಿ ಯಾರು ಬೇಕಾದರೂ ತಮ್ಮ ಊರು ನಮೂದಿಸಿ, ಸುತ್ತಮುತ್ತ ವಾಸವಿರುವ ಲೈಂಗಿಕ ಅಪರಾಧಿಗಳ ಹೆಸರು, ಫೋಟೊ, ವಿಳಾಸ ನೋಡಬಹುದು. 2003ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅಲಾಸ್ಕಾದ ಪ್ರಕರಣವೊಂದರಲ್ಲಿ, ಇಂಥ ನೋಂದಣಿ ಶಿಕ್ಷೆಯಲ್ಲ, ಆದ್ದರಿಂದ ಕಾನೂನು ಬರುವ ಮೊದಲೇ ಅಪರಾಧ ಮಾಡಿದವರಿಗೂ ಅನ್ವಯಿಸಬಹುದು ಎಂದಿತು.

ಫಲ ಏನಾಯಿತು? ಪ್ರೆಸ್ಕಾಟ್ ಮತ್ತು ರಾಕಾಫ್ ಎಂಬ ಇಬ್ಬರು ವಿದ್ವಾಂಸರು ಹಲವು ರಾಜ್ಯಗಳ ಅಂಕಿಅಂಶ ಜಾಲಾಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತದೆ. ಅಪರಾಧಿಗಳ ವಿವರ ಪೊಲೀಸರಿಗೆ ತಿಳಿದಿರುವುದರಿಂದ ಅಪರಾಧ ಕಡಿಮೆಯಾಗುತ್ತದೆ ಎಂದು ಅವರು ಕಂಡುಕೊಂಡರು. ಬಹಿರಂಗ ಪ್ರಕಟಣೆಯ ಭಯದಿಂದ ಹೊಸಬರು ಸ್ವಲ್ಪ ಹಿಂಜರಿಯಬಹುದು. ಆದರೆ ಪಟ್ಟಿಯಲ್ಲಿ ಈಗಾಗಲೇ ಇರುವವರು ಮತ್ತೆ ಅಪರಾಧಕ್ಕೆ ಇಳಿಯುವ ಸಾಧ್ಯತೆ ಬಹಿರಂಗ ಪ್ರಕಟಣೆಯಿಂದ ಹೆಚ್ಚಬಹುದು ಎಂಬುದು ಅವರ ಇನ್ನೊಂದು ಶೋಧ. ಕಾರಣ ಊಹಿಸಲು ಕಷ್ಟವಿಲ್ಲ. ಕೆಲಸ ಸಿಗುವುದಿಲ್ಲ, ಬಾಡಿಗೆ ಮನೆ ಸಿಗುವುದಿಲ್ಲ, ಕಳೆದುಕೊಳ್ಳುವುದಕ್ಕೆ ಏನೂ ಉಳಿಯುವುದಿಲ್ಲ. ಮಯಾಮಿಯಲ್ಲಿ ಶಾಲೆ, ಉದ್ಯಾನಗಳಿಂದ ಇಂತಿಷ್ಟು ದೂರದಲ್ಲೇ ವಾಸಿಸಬೇಕೆಂಬ ನಿಯಮ ಎಷ್ಟು ಬಿಗಿಯಾಯಿತೆಂದರೆ, ಬಿಡುಗಡೆಯಾದವರು ಕೆಲವು ವರ್ಷ ಸಮುದ್ರದ ಮೇಲಿನ ಜೂಲಿಯಾ ಟಟಲ್ ಸೇತುವೆಯ ಕೆಳಗೆ ಗುಡಾರ ಹಾಕಿಕೊಂಡು ಬದುಕಿದರು. ಕಣ್ಗಾವಲಿನಲ್ಲಿ ಇರಬೇಕಾದವರನ್ನು ವಿಳಾಸವೇ ಇಲ್ಲದವರನ್ನಾಗಿ ಮಾಡಿದರೆ ಮಕ್ಕಳಿಗೆ ಯಾವ ರಕ್ಷಣೆ ಸಿಕ್ಕಂತಾಯಿತು? 2006ರಲ್ಲಿ ಮೇನ್ ರಾಜ್ಯದಲ್ಲಿ ಯುವಕನೊಬ್ಬ ಇದೇ ಬಹಿರಂಗ ಪಟ್ಟಿಯಿಂದ ವಿಳಾಸ ತೆಗೆದುಕೊಂಡು ಇಬ್ಬರ ಮನೆಗೆ ಹೋಗಿ ಅವರನ್ನು ಗುಂಡಿಟ್ಟು ಕೊಂದ. ಸತ್ತವರಲ್ಲಿ ಒಬ್ಬ, ತನಗೆ ಹತ್ತೊಂಬತ್ತು ವರ್ಷವಿದ್ದಾಗ ಹದಿನಾರು ತುಂಬಲು ಸ್ವಲ್ಪ ದಿನ ಬಾಕಿಯಿದ್ದ ಗೆಳತಿಯೊಡನೆ ಇದ್ದುದಕ್ಕೆ ಶಿಕ್ಷೆಗೊಳಗಾದವನು. ಪಟ್ಟಿಯಲ್ಲಿ ಅವನಿಗೂ ಮಕ್ಕಳನ್ನು ಹಿಂಸಿಸಿದವನಿಗೂ ಒಂದೇ ಹಣೆಪಟ್ಟಿ.

ಬ್ರಿಟನ್ನಿನವರು ಬೇರೆ ದಾರಿ ಹಿಡಿದರು, ಅದೂ ಪೆಟ್ಟು ತಿಂದ ಮೇಲೆ. 2000ದ ಬೇಸಿಗೆಯಲ್ಲಿ ಸಾರಾ ಎಂಬ ಎಂಟು ವರ್ಷದ ಹುಡುಗಿಯ ಕೊಲೆಯಾದಾಗ ‘ನ್ಯೂಸ್ ಆಫ್ ದಿ ವರ್ಲ್ಡ್’ ಪತ್ರಿಕೆ ಲೈಂಗಿಕ ಅಪರಾಧಿಗಳ ಹೆಸರು, ಫೋಟೊ ಅಚ್ಚು ಹಾಕತೊಡಗಿತು. ಪೋರ್ಟ್ಸ್‌ಮತ್ತಿನ ಪಾಲ್ಸ್‌ಗ್ರೋವ್ ಬಡಾವಣೆಯಲ್ಲಿ ಜನ ಬೀದಿಗಿಳಿದರು. ಕಲ್ಲು ತೂರಿದರು, ಕಾರಿಗೆ ಬೆಂಕಿ ಹಚ್ಚಿದರು. ಏನೂ ಸಂಬಂಧವಿಲ್ಲದ ಕುಟುಂಬಗಳು ಮನೆ ಬಿಟ್ಟು ಓಡಬೇಕಾಯಿತು. ವೇಲ್ಸ್‌ನ ಮಕ್ಕಳ ವೈದ್ಯೆಯೊಬ್ಬರ ಮನೆ ಬಾಗಿಲಿಗೆ, ‘ಪೀಡಿಯಾಟ್ರಿಶಿಯನ್’ ಎಂಬ ಅವರ ಹುದ್ದೆಯ ಹೆಸರನ್ನೇ ‘ಪೀಡೊಫೈಲ್’ ಎಂದು ತಪ್ಪು ತಿಳಿದ ಯಾರೋ ಬಣ್ಣದಲ್ಲಿ ಬೈಗುಳ ಬರೆದರು.

ಆಮೇಲೆ ಬಂದ ವ್ಯವಸ್ಥೆಯನ್ನು ಜನ ‘ಸಾರಾ ಕಾನೂನು’ ಎಂದು ಕರೆಯುತ್ತಾರೆ. 2008ರಲ್ಲಿ ನಾಲ್ಕು ಪ್ರದೇಶಗಳಲ್ಲಿ ಪ್ರಯೋಗ ನಡೆಸಿ, ನಂತರ ಇಂಗ್ಲೆಂಡ್ ಮತ್ತು ವೇಲ್ಸ್‌ಗೆಲ್ಲ ವಿಸ್ತರಿಸಿದರು. ಇಲ್ಲಿ ಬಹಿರಂಗ ಪಟ್ಟಿ ಇಲ್ಲ. ನಿಮ್ಮ ಮಗುವಿನ ಒಡನಾಟವಿರುವ ನಿರ್ದಿಷ್ಟ ವ್ಯಕ್ತಿಯೊಬ್ಬರ ಬಗ್ಗೆ ಅನುಮಾನವಿದ್ದರೆ ನೀವು ಪೊಲೀಸರನ್ನು ಕೇಳಬಹುದು. ಅವರು ನಿಮ್ಮ ಗುರುತು ಪರೀಕ್ಷಿಸುತ್ತಾರೆ, ದಾಖಲೆ ನೋಡುತ್ತಾರೆ. ಮಗುವಿಗೆ ಅಪಾಯವಿದೆ ಎನಿಸಿದರೆ ಮಗುವನ್ನು ಕಾಪಾಡಬಲ್ಲ ವ್ಯಕ್ತಿಗೆ ಮಾತ್ರ ವಿಷಯ ತಿಳಿಸುತ್ತಾರೆ. ಕೇಳಿದವರು ಅಜ್ಜಿಯೋ ಪಕ್ಕದ ಮನೆಯವರೋ ಆಗಿದ್ದರೆ ಉತ್ತರ ತಾಯಿಗೆ ಹೋಗಬಹುದು, ಕೇಳಿದವರಿಗಲ್ಲ. ಪಡೆದವರು ಅದನ್ನು ಗುಟ್ಟಾಗಿಡಬೇಕು. ಅಲ್ಲಿ ಮಕ್ಕಳು, ವೃದ್ಧರು, ರೋಗಿಗಳ ನಡುವೆ ಕೆಲಸ ಮಾಡುವವರ ತಪಾಸಣೆಗೆ ಪ್ರತ್ಯೇಕ ಸರಕಾರಿ ಸಂಸ್ಥೆಯೇ ಇದೆ. ಕೆಲಸದ ಸ್ವರೂಪ ನೋಡಿ ಎಷ್ಟು ಆಳಕ್ಕೆ ಇಳಿಯಬೇಕೆಂದು ನಿರ್ಧಾರವಾಗುತ್ತದೆ. ಅಂಗಡಿಯ ಲೆಕ್ಕಿಗನಿಗೆ ಒಂದು ಮಟ್ಟ, ಶಾಲೆಯ ಸಿಬ್ಬಂದಿಗೆ ಇನ್ನೊಂದು.

ಈ ತಪಾಸಣಾ ವ್ಯವಸ್ಥೆಯ ಈಗಿನ ಸ್ವರೂಪದ ಹಿಂದೆ ಸೋಹಂ ಎಂಬ ಊರಿನ ದುರಂತವಿದೆ. 2002ರ ಆಗಸ್ಟ್‌ನಲ್ಲಿ ಅಲ್ಲಿ ಹತ್ತು ವರ್ಷದ ಇಬ್ಬರು ಹುಡುಗಿಯರನ್ನು ಶಾಲೆಯೊಂದರ ಉಸ್ತುವಾರಿಗನೇ ಕೊಂದ. ಇನ್ನೊಂದು ಜಿಲ್ಲೆಯ ಪೊಲೀಸರಿಗೆ ಅವನ ಮೇಲೆ ಹಲವು ಸಲ ದೂರು ಬಂದಿತ್ತು. ಶಾಲೆಯಲ್ಲಿ ಕೆಲಸಕ್ಕೆ ಸೇರುವಾಗ ನಡೆದ ತಪಾಸಣೆಗೆ ಆ ಮಾಹಿತಿ ಬರಲೇ ಇಲ್ಲ. ಲೈಂಗಿಕ ಅಪರಾಧಕ್ಕೆ ಅವನಿಗೆ ಶಿಕ್ಷೆಯಾಗಿರಲಿಲ್ಲ. ಶಿಕ್ಷೆಯಾದವರ ಪಟ್ಟಿಯನ್ನು ಊರಿನ ಪ್ರತಿ ಗೋಡೆಗೆ ಅಂಟಿಸಿದ್ದರೂ ಅವನ ಹೆಸರು ಅಲ್ಲಿರುತ್ತಿರಲಿಲ್ಲ. ಆ ಇಬ್ಬರು ಮಕ್ಕಳನ್ನು ಉಳಿಸಬಹುದಾಗಿದ್ದದ್ದು ಒಂದು ಠಾಣೆ ಇನ್ನೊಂದು ಠಾಣೆಗೆ ಸರಿಯಾಗಿ ವರದಿ ಕಳಿಸುವ ನೀರಸ ಕಚೇರಿ ಕೆಲಸ.

ನಮ್ಮಲ್ಲಿ ತಲೆಕೆಳಗಾಗಿರುವುದು

ಇಷ್ಟು ಹೊತ್ತು ಶಿಕ್ಷೆಯಾದವರ ಮಾತಾಡಿದೆವು. ಭಾರತದಲ್ಲಿ ಮುಖ ಕಾಣುವುದು ಅವರದ್ದಲ್ಲ, ಬಂಧಿತರದ್ದು. ಸಂಜೆಯ ವಾರ್ತೆಯಲ್ಲಿ ಮೇಜಿನ ಮೇಲೆ ಮಾಲು ಜೋಡಿಸಿ, ಹಿಂದೆ ಆರೋಪಿಗಳನ್ನು ಸಾಲಾಗಿ ನಿಲ್ಲಿಸಿ, ಅಧಿಕಾರಿಗಳು ಪತ್ರಿಕಾಗೋಷ್ಠಿ ನಡೆಸುವುದನ್ನು ನಾವೆಲ್ಲ ನೋಡಿದ್ದೇವೆ. ರೌಡಿ ಪರೇಡ್ ಎಂದರೆ ಕ್ಯಾಮೆರಾಗಳು ಮೊದಲೇ ಬಂದು ನಿಂತಿರುತ್ತವೆ. ರೌಡಿ ಶೀಟ್ ಎಂಬುದು ನ್ಯಾಯಾಲಯದ ತೀರ್ಪಲ್ಲ, ಪೊಲೀಸರು ತಮ್ಮ ನಿಗಾಕ್ಕಾಗಿ ತೆರೆಯುವ ಕಡತ. ಒಂದೂ ಶಿಕ್ಷೆಯಾಗದವರ ಮೇಲೂ ಅದು ಇರಬಹುದು. 2024ರ ಮೇ ತಿಂಗಳಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಇಂಥ ಹಿಸ್ಟರಿ ಶೀಟ್ ಪೊಲೀಸರ ಆಂತರಿಕ ದಾಖಲೆ, ಸಾರ್ವಜನಿಕರಿಗೆ ಸಿಗುವಂಥದ್ದಲ್ಲ ಎಂದಿತು. ಕುಟುಂಬದ ಅಪ್ರಾಪ್ತ ಮಕ್ಕಳ ವಿವರ ಅದರಲ್ಲಿ ಸೇರದಂತೆ ಎಚ್ಚರ ವಹಿಸಲು ಹೇಳಿ, ಬೇರೆ ರಾಜ್ಯಗಳೂ ಇದನ್ನು ಪರಿಶೀಲಿಸಲಿ ಎಂದಿತು.

ಕಾನೂನೂ ಇದೇ ತಪ್ಪು ತುದಿಯನ್ನು ಹಿಡಿದಿದೆ. ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಮಿನ ಪ್ರಕಾರ ಬಂಧಿತರ ಹೆಸರು, ವಿಳಾಸ, ಆಪಾದಿತ ಅಪರಾಧದ ಸ್ವರೂಪವನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ, ಡಿಜಿಟಲ್ ರೂಪದಲ್ಲಾದರೂ ಸರಿ, ಪ್ರದರ್ಶಿಸಬೇಕು. ಇದರ ಉದ್ದೇಶ ಒಳ್ಳೆಯದೇ. ಯಾರನ್ನೂ ಗುಟ್ಟಾಗಿ ಹಿಡಿದಿಡಬಾರದು, ಮನೆಯವರಿಗೆ ಎಲ್ಲಿದ್ದಾರೆಂದು ತಿಳಿಯಬೇಕು. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಏರಿಸಬೇಕೆಂದು, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು, ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ್ದೂ ಆರೋಪಿಯ ರಕ್ಷಣೆಗಾಗಿಯೇ. ಆದರೆ ಬಂಧನ ಪ್ರಕಟವಾಗುತ್ತದೆ, ಎಫ್‌ಐಆರ್ ಪ್ರಕಟವಾಗುತ್ತದೆ, ಆರು ವರ್ಷದ ನಂತರ ಬಂದ ಖುಲಾಸೆ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಜೈಲುಗಳಲ್ಲಿರುವ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು ಎಂಬುದನ್ನು ನೆನೆದರೆ ಇದು ಎಷ್ಟು ಜನರ ಬದುಕಿನ ಮಾತೆಂದು ಅರ್ಥವಾಗುತ್ತದೆ. 2020ರ ಮಾರ್ಚ್‌ನಲ್ಲಿ ಲಖನೌದ ಚೌಕಗಳಲ್ಲಿ ಪ್ರತಿಭಟನಾಕಾರರ ಫೋಟೊ, ಹೆಸರು, ವಿಳಾಸವಿದ್ದ ಫಲಕಗಳು ಎದ್ದು ನಿಂತಾಗ ಅಲಹಾಬಾದ್ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು, ಖಾಸಗಿತನದ ಹಕ್ಕಿನ ಮೇಲಿನ ಅಕ್ರಮ ದಾಳಿಯಿದು ಎಂದು ತೆಗೆಸಲು ಆದೇಶಿಸಿತು. ಅವರಲ್ಲಿ ಯಾರಿಗೂ ಆ ವಿಷಯದಲ್ಲಿ ಶಿಕ್ಷೆಯಾಗಿರಲಿಲ್ಲ.

ಬಂಧಿತನ ಮುಖ ತೋರಿಸುವುದರಿಂದ ಶಿಕ್ಷೆಯೇ ತಪ್ಪಿಹೋಗಬಹುದು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಅಪರಿಚಿತ ಆರೋಪಿಯನ್ನು ಸಾಕ್ಷಿ ಗುರುತಿಸಬೇಕಾದರೆ ಗುರುತು ಪರೇಡ್ ನಡೆಯುತ್ತದೆ. ಹತ್ತಾರು ಜನರ ನಡುವೆ ನಿಲ್ಲಿಸಿ ‘ಇವರಲ್ಲಿ ಯಾರು?’ ಎಂದು ಕೇಳುತ್ತಾರೆ. ಅದಕ್ಕೆ ಮೊದಲೇ ಆರೋಪಿಯ ಮುಖ ಟಿವಿಯಲ್ಲಿ ಬಂದಿದ್ದರೆ, ಸಾಕ್ಷಿ ಗುರುತಿಸಿದ್ದು ಘಟನೆಯ ದಿನದ ನೆನಪಿನಿಂದಲೋ ಟಿವಿಯಿಂದಲೋ ಎಂದು ವಕೀಲರು ಕೇಳದೆ ಬಿಡುವುದಿಲ್ಲ. ಮುಖಕ್ಕೆ ಬಟ್ಟೆ ಹಾಕಿ ಕರೆತರುವುದರ ಹಿಂದಿನ ಕಾರಣ ಇದೇ. ಪೊಲೀಸರು ಮಾಧ್ಯಮಗಳಿಗೆ ಏನು ಹೇಳಬಹುದು, ಏನು ಹೇಳಬಾರದು ಎಂಬ ಬಗ್ಗೆ ಸಮಗ್ರ ಕೈಪಿಡಿ ಸಿದ್ಧಪಡಿಸಲು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರಿನಲ್ಲಿ ಕೇಂದ್ರಕ್ಕೆ ಸೂಚಿಸಿತ್ತು.

ಒಂದು ವರ್ಗದವರ ಮಟ್ಟಿಗೆ ಮಾತ್ರ ಎಲ್ಲವೂ ಬಯಲಾಗಿರಬೇಕು, ಹಾಗೇ ಇದೆ. ಚುನಾವಣೆಗೆ ನಿಲ್ಲುವವರು. ಅಹಮದಾಬಾದಿನ ಕೆಲವು ಪ್ರಾಧ್ಯಾಪಕರು ಕಟ್ಟಿದ ಎಡಿಆರ್ ಸಂಸ್ಥೆಯ ಹೋರಾಟದಿಂದ 2002ರಲ್ಲಿ, ಮತ್ತೆ 2003ರಲ್ಲಿ ಸುಪ್ರೀಂ ಕೋರ್ಟ್ ಮತದಾರರ ತಿಳಿಯುವ ಹಕ್ಕನ್ನು ಎತ್ತಿಹಿಡಿಯಿತು. ಅಂದಿನಿಂದ ನಾಮಪತ್ರದ ಜೊತೆಗೆ ಕೊಡುವ ನಮೂನೆ 26ರ ಪ್ರಮಾಣಪತ್ರದಲ್ಲಿ ಬಾಕಿ ಇರುವ ಪ್ರಕರಣ, ಆಗಿರುವ ಶಿಕ್ಷೆ ಎರಡನ್ನೂ ಬರೆಯಬೇಕು. 2018ರ ತೀರ್ಪಿನ ನಂತರ ಅಭ್ಯರ್ಥಿ ಮತ್ತು ಪಕ್ಷ ಇಬ್ಬರೂ ಇದನ್ನು ಮೂರು ಸಲ ಪತ್ರಿಕೆ, ಟಿವಿಯಲ್ಲಿ ಪ್ರಕಟಿಸಬೇಕು. 2020 ಮತ್ತು 2021ರ ಆದೇಶಗಳ ಪ್ರಕಾರ ಅಭ್ಯರ್ಥಿಯನ್ನು ಆರಿಸಿದ 48 ಗಂಟೆಯೊಳಗೆ ಪಕ್ಷದ ಜಾಲತಾಣದಲ್ಲಿ, ಕ್ರಿಮಿನಲ್ ಹಿನ್ನೆಲೆ ಇಲ್ಲದವರನ್ನು ಬಿಟ್ಟು ಇವರನ್ನೇ ಏಕೆ ಆರಿಸಿದೆವು ಎಂಬ ಕಾರಣ ಸಹಿತ ಹಾಕಬೇಕು. ಚುನಾವಣಾ ಆಯೋಗದ ‘ನೋ ಯುವರ್ ಕ್ಯಾಂಡಿಡೇಟ್’ ಆ್ಯಪ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಅಧಿಕಾರ ಕೇಳಲು ಬಂದವನು ತನ್ನ ಹಿಂದಿನದನ್ನು ಮುಚ್ಚಿಡಲಾಗದು. ಬಣ್ಣ ಬಳಿದು ಜೀವನ ಮಾಡುವವನಿಗೆ ಇದೇ ಅಳತೆ ಹಿಡಿಯುವುದು ಸರಿಯಲ್ಲ.

ಗುರುತು ಹಾಕುವ ಹಳೆಯ ಚಟ ಈ ನೆಲದಲ್ಲಿ ಏನು ಮಾಡಿದೆ ಎಂಬುದನ್ನು ಮರೆಯಬಾರದು. ಕಂಪನಿ ಸರಕಾರದ ಬಂಗಾಳದಲ್ಲಿ ಜೀವಾವಧಿ ಕೈದಿಗಳ ಹಣೆಯ ಮೇಲೆ ಹೆಸರು, ಅಪರಾಧವನ್ನು ಹಚ್ಚೆ ಹಾಕುತ್ತಿದ್ದರು. 1849ರಲ್ಲಿ ಅದನ್ನು ನಿಲ್ಲಿಸಿದರು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ನೋಂದಾಯಿಸಿತು. ಠಾಣೆಗೆ ಹೋಗಿ ಹಾಜರಿ ಹಾಕಬೇಕು, ಊರು ಬಿಡಲು ಅನುಮತಿ ಬೇಕು. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ‘ಸೆಟ್ಲ್‌ಮೆಂಟ್’ ಎಂದೇ ಇಂದಿಗೂ ಕರೆಯುವ ಬಡಾವಣೆಗಳು ಅಂಥವರನ್ನು ತಂತಿಬೇಲಿಯೊಳಗೆ ಕೂಡಿಟ್ಟ ಜಾಗಗಳು. ಕಾಯ್ದೆ 1952ರಲ್ಲಿ ರದ್ದಾಯಿತು. ಮೂರು ತಲೆಮಾರು ಕಳೆದರೂ ವಿಳಾಸ ಕೇಳಿದ ಕೂಡಲೇ ಮುಖ ಬದಲಾಗುವುದನ್ನು ಆ ಸಮುದಾಯಗಳ ಹುಡುಗರು ಅನುಭವಿಸುತ್ತಿದ್ದಾರೆ. ಕಾಯ್ದೆಯ ಒಂದು ಸಾಲು ಅಳಿಸಿದಷ್ಟು ಸುಲಭವಾಗಿ ಜನರ ಮನಸ್ಸಿನ ಪಟ್ಟಿ ಅಳಿಯುವುದಿಲ್ಲ.

ಎಲ್ಲಿಯವರೆಗೆ?

ಬ್ರಿಟನ್ನಿನಲ್ಲಿ 1974ರಿಂದ ಒಂದು ಕಾಯ್ದೆಯಿದೆ. ಸಣ್ಣ ಮತ್ತು ಮಧ್ಯಮ ಶಿಕ್ಷೆ ಮುಗಿಸಿ, ಇಂತಿಷ್ಟು ಕಾಲ ತಪ್ಪಿಲ್ಲದೆ ಬದುಕಿದರೆ ಆ ಶಿಕ್ಷೆ ಸಾಮಾನ್ಯ ಉದ್ಯೋಗದ ಮಟ್ಟಿಗೆ ಮುಗಿದ ಅಧ್ಯಾಯ, ಕೇಳಿದರೂ ಹೇಳಬೇಕಿಲ್ಲ. ಶಾಲೆ, ಆಸ್ಪತ್ರೆಯಂಥ ಕೆಲಸಕ್ಕೆ ಈ ರಿಯಾಯಿತಿ ಅನ್ವಯಿಸುವುದಿಲ್ಲ. ನಮ್ಮಲ್ಲಿ ಇಂಥ ಸಾಮಾನ್ಯ ಕಾಯ್ದೆ ಇಲ್ಲ, ಚೂರುಗಳಿವೆ. ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆಯಾದವರು ಬಿಡುಗಡೆಯಾಗಿ ಆರು ವರ್ಷದವರೆಗೆ ಚುನಾವಣೆಗೆ ನಿಲ್ಲುವಂತಿಲ್ಲ. ನೈತಿಕ ಅಧಃಪತನದ ಅಪರಾಧಕ್ಕೆ ಕಳೆದ ಐದು ವರ್ಷದಲ್ಲಿ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯಾಗಿದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. 1958ರ ಪ್ರೊಬೇಷನ್ ಕಾಯ್ದೆಯಡಿ ಸನ್ನಡತೆಯ ಮೇಲೆ ಬಿಡುಗಡೆಯಾದವರಿಗೆ ಆ ತೀರ್ಪಿನಿಂದ ಅನರ್ಹತೆ ತಗಲಬಾರದು. ಕಾನೂನಿನ ಸಂಘರ್ಷಕ್ಕೆ ಸಿಲುಕಿದ ಮಕ್ಕಳ ಗುರುತನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಂ ಮುಚ್ಚಿಡುತ್ತದೆ. ಅಂಥ ಮಕ್ಕಳ ಮುಗಿದ ಪ್ರಕರಣವನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗಪಡಿಸುವಂತಿಲ್ಲ. ಸರಕಾರಿ ನೇಮಕಾತಿಯ ವಿಷಯದಲ್ಲಿ 2016ರ ಅವತಾರ್ ಸಿಂಗ್ ತೀರ್ಪು, ಹರೆಯದ ಸಣ್ಣಪುಟ್ಟ ಪ್ರಕರಣವನ್ನು ಉದ್ಯೋಗದಾತರು ಕ್ಷಮಿಸಬಹುದು ಎನ್ನುತ್ತದೆ. ಇವೆಲ್ಲವನ್ನೂ ಒಂದೆಡೆ ತಂದು, ಯಾವ ಅಪರಾಧ ಯಾವ ಕೆಲಸಕ್ಕೆ ಎಷ್ಟು ವರ್ಷ ಲೆಕ್ಕಕ್ಕೆ ಬರುತ್ತದೆ ಎಂದು ಹೇಳುವ ಒಂದು ಕಾಯ್ದೆ ನಮಗೆ ಬೇಕು. ಜೊತೆಗೆ, ಮಕ್ಕಳೊಡನೆ ಕೆಲಸ ಮಾಡುವವರ ಬಗ್ಗೆ ಶಾಲೆಯೋ ಪೋಷಕರೋ ಕೇಳಿದರೆ, 2018ರ ಆ ದತ್ತಾಂಶ ಕೋಶವನ್ನು ಬೆರಳಚ್ಚಿನೊಡನೆ ತಾಳೆ ನೋಡಿ ‘ಇದೆ’ ಅಥವಾ ‘ಇಲ್ಲ’ ಎಂದು ಉತ್ತರಿಸುವ ಹೊಣೆ ಪೊಲೀಸರಿಗಿರಬೇಕು. ಇಷ್ಟು ಮಾಡಿದರೆ ಬೀದಿಯಲ್ಲಿ ಪಟ್ಟಿ ನೇತುಹಾಕುವ ಅಗತ್ಯ ಬೀಳುವುದಿಲ್ಲ.

ಅಲ್ಲಿಯವರೆಗೆ ಈಗಿರುವ ದಾರಿಯನ್ನೇ ಸರಿಯಾಗಿ ಬಳಸಿಕೊಳ್ಳಬೇಕು. ಕರ್ನಾಟಕದಲ್ಲಿ ಪೊಲೀಸ್ ವೆರಿಫಿಕೇಶನ್‌ಗೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಕೆಲಸಕ್ಕೆ ಬರುವವರಿಂದ ಗುರುತಿನ ದಾಖಲೆ ಪಡೆಯುವಾಗ ಸದ್ಯದ ವಿಳಾಸದ ಜೊತೆ ಸ್ವಂತ ಊರಿನ ವಿಳಾಸವನ್ನೂ ಬರೆಸಿಕೊಳ್ಳಿ, ಅಲ್ಲಿನ ಠಾಣೆಯಿಂದಲೂ ವರದಿ ತರಿಸಿ. ನಿನ್ನೆ ಮೊನ್ನೆ ಬಂದವರ ಬಗ್ಗೆ ನಿಮ್ಮ ಬಡಾವಣೆಯ ಠಾಣೆಗೆ ಗೊತ್ತಿರುವುದು ಕಡಿಮೆ. ಶಾಲೆಗೆ ಸೇರಿಸುವಾಗ ಶಿಕ್ಷಕರದ್ದಷ್ಟೇ ಅಲ್ಲ, ವ್ಯಾನಿನ ಚಾಲಕ, ಆಯಾ, ಕಾವಲುಗಾರ, ಹೊರಗುತ್ತಿಗೆಯ ತರಬೇತುದಾರರ ವೆರಿಫಿಕೇಶನ್ ಆಗಿದೆಯೇ, ಯಾವ ವರ್ಷದ್ದು ಎಂದು ಕೇಳಿ. ಹಿಂದೆ ಎಲ್ಲಿ ಕೆಲಸ ಮಾಡಿದ್ದರು, ಏಕೆ ಬಿಟ್ಟರು ಎಂದು ಅಲ್ಲಿಗೇ ಫೋನ್ ಮಾಡಿ ವಿಚಾರಿಸಿ. ಸೋಹಂನಲ್ಲಿ ತಪ್ಪಿಹೋದದ್ದು ಇಂಥದೇ ಕೊಂಡಿ. ವರದಿಯಲ್ಲಿ ಪ್ರಕರಣವೊಂದು ಕಂಡರೆ ಅದು ಯಾವ ಕಲಂ, ತನಿಖೆಯಲ್ಲಿದೆಯೋ ತೀರ್ಪಾಗಿದೆಯೋ ನೋಡದೆ ನಿರ್ಧರಿಸಬೇಡಿ. ಜಮೀನಿನ ಜಗಳದಲ್ಲಿ ಕುಟುಂಬದ ಎಲ್ಲರ ಮೇಲೂ ಹಾಕಿದ ಕೇಸಿಗೂ ಮಕ್ಕಳ ಮೇಲಿನ ಅಪರಾಧಕ್ಕೂ ಅಜಗಜಾಂತರ.

ಖುಲಾಸೆಯಾದವರಿಗೆ ಒಂದು ಮಾತು. ತೀರ್ಪಿನ ದೃಢೀಕೃತ ನಕಲು ಎರಡು-ಮೂರು ಪ್ರತಿ ತೆಗೆದಿಟ್ಟುಕೊಳ್ಳಿ. ಒಂದನ್ನು ಲಿಖಿತ ಅರ್ಜಿಯೊಂದಿಗೆ ಪ್ರಕರಣ ದಾಖಲಾದ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಸಿಸಿಟಿಎನ್‌ಎಸ್‌ನಲ್ಲಿ ಫಲಿತಾಂಶ ನಮೂದಾಗಿದೆಯೇ ಎಂದು ಕೇಳಿ. ಹಳೆಯ ಕಂಪ್ಯೂಟರ್ ದಾಖಲೆಯಲ್ಲಿ ‘ತನಿಖೆಯಲ್ಲಿದೆ’ ಎಂದೇ ಉಳಿದುಬಿಟ್ಟರೆ ವೆರಿಫಿಕೇಶನ್ ವರದಿ ನಿಮಗೆ ವಿರುದ್ಧವಾಗಿ ಬರುತ್ತದೆ. ಅಂತರ್ಜಾಲದಲ್ಲಿ ಹೆಸರು ಹಾಕಿದ ಕೂಡಲೇ ಹಳೆಯ ತೀರ್ಪು ತೇಲಿಬರುವುದನ್ನು ತಡೆಯಲು ಸದ್ಯಕ್ಕೆ ಖಚಿತ ಮಾರ್ಗವಿಲ್ಲ. ಖುಲಾಸೆಯಾದ ವ್ಯಕ್ತಿಯೊಬ್ಬರ ಹೆಸರನ್ನು ತೀರ್ಪಿನಿಂದ ಮರೆಮಾಡಲು ಮದ್ರಾಸ್ ಹೈಕೋರ್ಟಿನ ಏಕಸದಸ್ಯ ಪೀಠ 2021ರಲ್ಲಿ ನಿರಾಕರಿಸಿತು, 2024ರ ಫೆಬ್ರುವರಿಯಲ್ಲಿ ವಿಭಾಗೀಯ ಪೀಠ ಒಪ್ಪಿತು, ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ತೀರ್ಪು ಸಾರ್ವಜನಿಕವಾಗಿಯೇ ಇರಲಿ, ಖುಲಾಸೆಯಾದವರ ಹೆಸರಿನ ಜಾಗದಲ್ಲಿ ಇನಿಷಿಯಲ್ ಇದ್ದರೆ ನ್ಯಾಯಕ್ಕೆ ಕೊರತೆಯೇನೂ ಆಗದು ಎಂಬುದು ನನ್ನ ನಿಲುವು. ಸುಪ್ರೀಂ ಕೋರ್ಟ್ ಏನೇ ತೀರ್ಮಾನಿಸಿದರೂ, ಠಾಣೆಯ ಕಡತ ಸರಿಪಡಿಸಿಕೊಳ್ಳುವ ಕೆಲಸಕ್ಕೆ ಅದನ್ನು ಕಾಯಬೇಕಿಲ್ಲ. ತೀರ್ಪು ಬಂದ ವಾರದಲ್ಲೇ ಅರ್ಜಿ ಕೊಡಬಹುದು.